ಅಂಗವಿಕಲರ ಮಾಸಾಶನ: "ಇಲ್ಲ" ಅಂದರೆ ಮುಂದೇನು?

(ಸ್ವಸಹಾಯ ಸಂಘದ ಮಾಸಿಕ ಸಭೆಗೆ ಪಾಠ)



ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಮುಗಿದ ಮೇಲೆ ನಮ್ಮ ಸಭೆಗಳಲ್ಲಿ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ. "ಸಿಸ್ಟರ್, ನಮ್ಮ ಹುಡುಗನ ಪಗಾರ ಇನ್ನೂ ಬಂದಿಲ್ರಿ." "ಅರ್ಜಿ ಹಾಕಿ ಎಷ್ಟೋ ದಿನ ಆತು, ಹೌದು ಅನ್ನವಲ್ರು, ಇಲ್ಲ ಅನ್ನವಲ್ರು." "ದವಾಖಾನ್ಯಾಗ ಪರ್ಸೆಂಟೇಜ್ ಕಡಿಮಿ ಬರದಾರ್ರಿ." ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ತಾಲ್ಲೂಕಿನಲ್ಲಿ ಇದೇ ಮಾತು. ಹೋಗಿ ಬಂದು ಕಾಲು ಸವೆದ ಮೇಲೆ "ನಮ್ಮ ಹಣೆಬರಹ" ಎಂದು ಕೈ ಬಿಟ್ಟವರೂ ನಮ್ಮ ಸಂಘಗಳಲ್ಲಿ ಇದ್ದಾರೆ.

ಇದು ಹಣೆಬರಹದ ವಿಷಯ ಅಲ್ಲ, ಕಾನೂನಿನ ವಿಷಯ. ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, "ಇಲ್ಲ" ಅಂದರೆ ಯಾರ ಹತ್ತಿರ ಮೇಲ್ಮನವಿ ಹಾಕಬೇಕು ಎಂಬುದಕ್ಕೆ ನಿಯಮ ಇದೆ. ಈ ತಿಂಗಳ ಪಾಠದಲ್ಲಿ ಅದನ್ನು ಒಂದೊಂದಾಗಿ ನೋಡೋಣ. ಓದು ಬರುವ ಸದಸ್ಯರು ಗಟ್ಟಿಯಾಗಿ ಓದಿರಿ, ಉಳಿದವರು ಕೇಳಿರಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿರಿ.

1. ಮಾಸಾಶನ ಯಾರಿಗೆ, ಎಷ್ಟು?

ಈ ಮಾಸಾಶನವನ್ನು ಕೊಡುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ. ಅರ್ಜಿ ಹಾಕುವುದು ನಮ್ಮ ಹೋಬಳಿಯ ನಾಡಕಚೇರಿಯಲ್ಲಿ. ಹಳ್ಳಿಯಲ್ಲಿ ನಾವು ತಲಾಟಿ ಅಂತ ಕರೆಯುವ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ಕಂದಾಯ ನಿರೀಕ್ಷಕರು ಅದನ್ನು ನೋಡುತ್ತಾರೆ. ಆಮೇಲೆ ಮಂಜೂರಾತಿ ಆದೇಶ ಬರುತ್ತದೆ, ಹಣ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಜಮಾ ಆಗುತ್ತದೆ.

ಮುಖ್ಯವಾಗಿ ಎರಡು ಷರತ್ತು ಇವೆ. ಒಂದು, ಅಂಗವಿಕಲತೆ 40 ಪರ್ಸೆಂಟ್‌ಗಿಂತ ಕಡಿಮೆ ಇರಬಾರದು. ಎರಡು, ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಒಳಗೆ ಇರಬೇಕು. ಈಚಿನ ವರ್ಷಗಳ ದರದಂತೆ 40ರಿಂದ 75 ಪರ್ಸೆಂಟ್ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ, 75ರ ಮೇಲಿನವರಿಗೆ 1,400 ರೂಪಾಯಿ. ಒಬ್ಬರಿಗೆ ಸರ್ಕಾರದ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ವಿಧವಾ ವೇತನ ಬರುತ್ತಿದ್ದರೆ ಅದರ ಮೇಲೆ ಇದು ಸಿಗುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ತರದ ಅಂಗವಿಕಲತೆಗೆ ಮಾತ್ರ ಮಾನ್ಯತೆ ಇತ್ತು, ಈಗ 21 ಇವೆ. ಮಾನಸಿಕ ಕಾಯಿಲೆ, ಬುದ್ಧಿಮಾಂದ್ಯತೆ, ಥಲಸೀಮಿಯಾ, ಕುಡಗೋಲು ಕಣ ರಕ್ತಹೀನತೆ, ಆಸಿಡ್ ದಾಳಿಗೆ ತುತ್ತಾದವರು, ಕುಷ್ಠರೋಗ ವಾಸಿಯಾದವರು ಎಲ್ಲರೂ ಇದರಲ್ಲಿ ಬರುತ್ತಾರೆ. "ಕೈ ಕಾಲು ನೆಟ್ಟಗ ಅದಾವಲ್ಲ, ಇವನೆಂಥ ಅಂಗವಿಕಲ" ಎಂದು ಯಾರಾದರೂ ಅಂದರೆ ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

2. "ಇಲ್ಲ" ಎಂಬುದು ನಾಲ್ಕು ತರ

ನಮ್ಮ ಹೆಣ್ಣುಮಕ್ಕಳು "ಪಗಾರ ಆಗಲಿಲ್ರಿ" ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಎಲ್ಲಿ ನಿಂತಿದೆ ಎಂದು ತಿಳಿಯದೆ ದಾರಿ ಸಿಗುವುದಿಲ್ಲ. ಮೊದಲು ಯಾವ ತರದ "ಇಲ್ಲ" ಎಂದು ಗುರುತಿಸಬೇಕು.

ಮೊದಲನೆಯದು, ಆಸ್ಪತ್ರೆಯ "ಇಲ್ಲ". ವೈದ್ಯಕೀಯ ಪ್ರಾಧಿಕಾರ ಪ್ರಮಾಣಪತ್ರ ಕೊಡಲಿಲ್ಲ ಅಥವಾ ಪರ್ಸೆಂಟೇಜ್ ಕಡಿಮೆ ಬರೆಯಿತು. 38 ಮತ್ತು 40ರ ನಡುವೆ ಮಾಸಾಶನವೇ ಹೋಗುತ್ತದೆ. 70 ಮತ್ತು 76ರ ನಡುವೆ ತಿಂಗಳಿಗೆ 600 ರೂಪಾಯಿ, ವರ್ಷಕ್ಕೆ 7,200 ರೂಪಾಯಿ ವ್ಯತ್ಯಾಸ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. 2016ರ ಕಾಯ್ದೆಯ 59ನೇ ಕಲಂ ಪ್ರಕಾರ ಈ ತೀರ್ಮಾನ ಒಪ್ಪಿಗೆ ಇಲ್ಲದವರು ರಾಜ್ಯ ಸರ್ಕಾರ ಗೊತ್ತು ಮಾಡಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ರಾಯಚೂರಿನಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಬರೆದು, ಯಾರ ಹೆಸರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು ಎಂದು ಬರವಣಿಗೆಯಲ್ಲಿ ಕೇಳಿರಿ. ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ ಈ ಕೆಲಸ ಮಾಡಿರಿ.

ಎರಡನೆಯದು, ನಾಡಕಚೇರಿಯ "ಇಲ್ಲ". ಅರ್ಜಿ ತಿರಸ್ಕಾರ ಆಯಿತು. ಆದಾಯ ಹೆಚ್ಚು ಎಂದೋ, ಆಧಾರ್‌ನಲ್ಲಿ ಒಂದು ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಎಂದೋ, ಬೇರೆ ಪಿಂಚಣಿ ಬರುತ್ತಿದೆ ಎಂದೋ ಕಾರಣ ಇರುತ್ತದೆ. ಆದಾಯದ ವಿಷಯ ಸ್ವಲ್ಪ ನಿಂತು ನೋಡಬೇಕು. ವರ್ಷಕ್ಕೆ 32,000 ಎಂದರೆ ತಿಂಗಳಿಗೆ ಸುಮಾರು 2,666, ದಿನಕ್ಕೆ 90 ರೂಪಾಯಿಗೂ ಕಡಿಮೆ. ಭತ್ತದ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳ ಒಂದು ದಿನದ ಕೂಲಿ ಇದಕ್ಕಿಂತ ಹೆಚ್ಚು. ಆದರೆ ಕೂಲಿ ವರ್ಷವಿಡೀ ಇರುವುದಿಲ್ಲ. ಕಾಲುವೆಗೆ ನೀರು ಬಾರದ ವರ್ಷ ಸಿಂಧನೂರಿನ ಗದ್ದೆಗಳಲ್ಲೂ ಕೆಲಸ ಇಲ್ಲ. ಸುಗ್ಗಿಯ ಒಂದು ದಿನದ ಕೂಲಿಯನ್ನು 365 ದಿನಕ್ಕೆ ಗುಣಿಸಿ ಆದಾಯ ಬರೆದಿದ್ದರೆ ಅದು ಸರಿಯಾದ ಲೆಕ್ಕ ಅಲ್ಲ. ಸುಳ್ಳು ಹೇಳಬೇಡಿರಿ. ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ಬಂತು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು, ಆದಾಯವನ್ನು ಯಾವ ಲೆಕ್ಕದಲ್ಲಿ ಹಾಕಿದ್ದೀರಿ ಎಂದು ಕೇಳಿರಿ.

ಮೂರನೆಯದು, ಸುಮ್ಮನಿರುವ "ಇಲ್ಲ". ಇದೇ ಎಲ್ಲಕ್ಕಿಂತ ಕಷ್ಟದ್ದು. ಯಾರೂ ತಿರಸ್ಕಾರ ಮಾಡಿಲ್ಲ, ಮಂಜೂರೂ ಮಾಡಿಲ್ಲ. "ಮುಂದಿನ ಸೋಮವಾರ ಬರ್ರಿ" ಎನ್ನುತ್ತಾರೆ. ಉತ್ತರವೇ ಇಲ್ಲದಿದ್ದರೆ ಯಾವುದರ ಮೇಲೆ ಮೇಲ್ಮನವಿ ಹಾಕುವುದು ಎಂದು ನಮ್ಮವರು ತಿಳಿದಿದ್ದಾರೆ. ಆದರೆ ಅವಧಿ ಮೀರಿದ್ದೇ ಮೇಲ್ಮನವಿಗೆ ಸಾಕಷ್ಟು ಕಾರಣ. ಇದನ್ನು ಮುಂದೆ ನೋಡೋಣ.

ನಾಲ್ಕನೆಯದು, ಬರುತ್ತಿದ್ದ ಮಾಸಾಶನ ನಿಂತುಹೋದದ್ದು. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಖಾತೆಗೆ ಆಧಾರ್ ಜೋಡಣೆ ಆಗಿರಲಿಕ್ಕಿಲ್ಲ. ಖಾತೆ ಬಹಳ ದಿನ ಬಳಸದೆ ನಿಷ್ಕ್ರಿಯ ಆಗಿರಬಹುದು. ಪರಿಶೀಲನೆಗೆ ಬಂದ ದಿನ ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ. ಬೆಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಮೊದಲು ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿರಿ, ಯಾವ ತಿಂಗಳಿಂದ ನಿಂತಿದೆ ನೋಡಿರಿ. ಆಮೇಲೆ ನಾಡಕಚೇರಿಗೆ ಹೋಗಿ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ.

ನಾಲ್ಕಕ್ಕೂ ಒಂದೇ ಮೊದಲ ಹೆಜ್ಜೆ: ಬರೆದದ್ದನ್ನು ಕೇಳಿ ಪಡೆಯುವುದು. ಕಚೇರಿ ಭಾಷೆಯಲ್ಲಿ ಇದಕ್ಕೆ "ಹಿಂಬರಹ" ಅನ್ನುತ್ತಾರೆ. ಈ ಶಬ್ದ ಎಲ್ಲರೂ ನೆನಪಿಡಿರಿ. "ಸಾಹೇಬ್ರ, ನನಗ ಹಿಂಬರಹ ಕೊಡ್ರಿ" ಎಂದು ಕೇಳಿದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ಸುಲಭ ಅಲ್ಲ. ಬಾಯಿಮಾತಿನ "ಇಲ್ಲ"ದ ಮೇಲೆ ಮೇಲ್ಮನವಿ ನಿಲ್ಲುವುದು ಕಷ್ಟ.

3. ಎಷ್ಟು ದಿನ ಕಾಯಬೇಕು?

ಆಸ್ಪತ್ರೆಯ ಪ್ರಮಾಣಪತ್ರಕ್ಕೆ: 2017ರ ನಿಯಮದಲ್ಲಿ ಅರ್ಜಿ ಕೊಟ್ಟ ಒಂದು ತಿಂಗಳಲ್ಲಿ ಕೊಡಬೇಕು ಎಂದಿತ್ತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಮಾಡಿ ಮೂರು ತಿಂಗಳು ಎಂದು ಬದಲಾಯಿಸಿತು. ಎರಡು ವರ್ಷವಾದರೂ ತೀರ್ಮಾನ ಆಗದಿದ್ದರೆ ಅರ್ಜಿ ತಾನೇ ನಿಷ್ಕ್ರಿಯ ಆಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕು. ಆದ್ದರಿಂದ "ಹಾಕೀವಿ, ಬಂದಾಗ ಬರಲಿ" ಎಂದು ಕೂರುವ ಹಾಗಿಲ್ಲ. 2021ರ ಜೂನ್‌ನಿಂದ ಈ ಪ್ರಮಾಣಪತ್ರ ಯುಡಿಐಡಿ ಪೋರ್ಟಲ್ ಮೂಲಕವೇ ಬರುತ್ತದೆ. ಅರ್ಜಿ ಹಾಕಿದಾಗ ಸಿಗುವ ನೋಂದಣಿ ಸಂಖ್ಯೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಿರಿ.

ಮಾಸಾಶನದ ಅರ್ಜಿಗೆ: ಇದು ಸಕಾಲ ಕಾಯ್ದೆಯಲ್ಲಿ ಬರುತ್ತದೆ. 2011ರಲ್ಲಿ ಆದ ಈ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯದ ಎಲ್ಲ ಕಡೆ ಜಾರಿಗೆ ಬಂತು. ಅಂಗವಿಕಲರ ಮಾಸಾಶನಕ್ಕೆ ಇದರಲ್ಲಿ 45 ಕೆಲಸದ ದಿನಗಳ ಅವಧಿ ಇದೆ. ರಜೆ ಕಳೆದು ಎಣಿಸಿದರೆ ಎರಡು ತಿಂಗಳ ಮೇಲೆ ಆಗುತ್ತದೆ. 2022ರಲ್ಲಿ ಆಗಿನ ಸರ್ಕಾರ ಫೋನ್ ಮಾಡಿದವರಿಗೆ 72 ಗಂಟೆಯಲ್ಲಿ ಪಿಂಚಣಿ ಎಂದೂ ಘೋಷಿಸಿತ್ತು. ಘೋಷಣೆ ಬಂದು ಹೋಗುತ್ತವೆ, ನಮ್ಮ ಕೈಯಲ್ಲಿ ಉಳಿಯುವುದು ಕಾಯ್ದೆಯ ಅವಧಿ.

ಅರ್ಜಿ ಕೊಟ್ಟ ದಿನ ಸಕಾಲ ಸ್ವೀಕೃತಿ ಚೀಟಿ ಕೊಡಬೇಕು. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಈ ಚೀಟಿ ಇಲ್ಲದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದು ತಿಳಿಯಿರಿ. ಚೀಟಿಯನ್ನು ಎರಡು ಜೆರಾಕ್ಸ್ ಮಾಡಿಸಿ, ಒಂದು ಮನೆಯಲ್ಲಿ, ಒಂದು ಸಂಘದ ಫೈಲಿನಲ್ಲಿ ಇಡಿರಿ. ಸಕಾಲದ ಸಹಾಯವಾಣಿ 080-44554455.

ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕಾರ ಆದರೆ 30 ದಿನದೊಳಗೆ "ಸಕ್ಷಮ ಅಧಿಕಾರಿ"ಗೆ ಮೊದಲ ಮೇಲ್ಮನವಿ. ಅಲ್ಲೂ ನ್ಯಾಯ ಸಿಗದಿದ್ದರೆ "ಮೇಲ್ಮನವಿ ಪ್ರಾಧಿಕಾರ"ಕ್ಕೆ ಎರಡನೆಯ ಮೇಲ್ಮನವಿ. ಯಾರು ಸಕ್ಷಮ ಅಧಿಕಾರಿ ಎಂಬುದು ಕಚೇರಿಯ ಸಕಾಲ ಫಲಕದಲ್ಲಿ ಬರೆದಿರಬೇಕು, ಅದನ್ನು ನೋಡಿಯೇ ವಿಳಾಸ ಬರೆಯಿರಿ. ತಹಶೀಲ್ದಾರರ ಮೇಲಿನ ಕಚೇರಿ ಎಂದರೆ ನಮ್ಮ ಮೂರೂ ತಾಲ್ಲೂಕಿಗೆ ಲಿಂಗಸುಗೂರಿನ ಸಹಾಯಕ ಆಯುಕ್ತರದು. ಅದಕ್ಕೂ ಮೇಲೆ ರಾಯಚೂರಿನ ಜಿಲ್ಲಾಧಿಕಾರಿ.

ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಹಣ ಸಣ್ಣದು. ಆದರೆ ಅದು ತಡಮಾಡಿದ ಅಧಿಕಾರಿಯ ಮೇಲೆ ಬೀಳುವುದರಿಂದ ಅರ್ಜಿ ಮುಂದಕ್ಕೆ ಹೋಗಲು ಸಹಾಯ ಆಗುತ್ತದೆ.

ಕಾಯುವುದಕ್ಕೂ ಖರ್ಚು ಇದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ನಿಜ. ಆದರೆ ದಿನದ ಕೂಲಿ ಹೋಗುತ್ತದೆ. ಕೂಲಿ 300 ಎಂದು ಇಟ್ಟುಕೊಳ್ಳೋಣ. ಮೂರು ಸಲ ಅಲೆದರೆ 900 ರೂಪಾಯಿ, ಒಂದು ತಿಂಗಳ ಮಾಸಾಶನಕ್ಕಿಂತ ಹೆಚ್ಚು. ನಡೆಯಲು ಬಾರದ ಮಗನನ್ನು ಎತ್ತಿಕೊಂಡು ಸಿಂಧನೂರಿನಿಂದ ರಾಯಚೂರಿಗೆ ಹೋಗಿ ಬರುವ ತಾಯಿಯ ಸೊಂಟದ ನೋವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಅದಕ್ಕೇ ಒಬ್ಬೊಬ್ಬರೇ ಅಲೆಯುವುದು ಬೇಡ. ಸಂಘದಿಂದ ಇಬ್ಬರು ಹೋಗಿ ನಾಲ್ಕೈದು ಜನರ ಅರ್ಜಿಯ ಸ್ಥಿತಿ ಒಂದೇ ದಿನ ಕೇಳಿ ಬರಬಹುದು.

4. ಸಂಘದ ಲೆಕ್ಕ: ಎಷ್ಟು ಜನರಿಗೆ ಆಯಿತು, ಎಷ್ಟು ದಿನಕ್ಕೆ ಆಯಿತು

ನಾವು ಸಾಲದ ಲೆಕ್ಕ ಇಡುತ್ತೇವೆ, ಅರ್ಜಿಯ ಲೆಕ್ಕ ಇಡುವುದಿಲ್ಲ. ಇಂದಿನಿಂದ ಒಂದು ನೋಟ್‌ಬುಕ್ ಇಡೋಣ. ಹೆಸರು, ಅರ್ಜಿ ಕೊಟ್ಟ ದಿನ, ಜಿಎಸ್‌ಸಿ ಸಂಖ್ಯೆ, ಉತ್ತರ ಬಂದ ದಿನ, ಏನು ಉತ್ತರ, ಮೇಲ್ಮನವಿಯ ದಿನ. ಆರು ಮನೆ ಗೆರೆ ಹಾಕಿದರೆ ಸಾಕು.

ಒಂದು ಉದಾಹರಣೆ ಮಾಡೋಣ. ಒಂದು ಒಕ್ಕೂಟದಲ್ಲಿ 14 ಜನ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿರಿ. 7 ಮಂಜೂರು, 3 ತಿರಸ್ಕಾರ, 4 ಬಾಕಿ. ಕಚೇರಿಯವರು "ತೀರ್ಮಾನ ಆದ 10ರಲ್ಲಿ 7 ಮಂಜೂರು, ನೂರಕ್ಕೆ 70" ಎನ್ನಬಹುದು. ನಾವು "14 ಜನರಲ್ಲಿ 7 ಜನರಿಗೆ ಮಾತ್ರ ಹಣ ಬಂತು, ನೂರಕ್ಕೆ 50" ಎನ್ನಬಹುದು. ಎರಡೂ ಸುಳ್ಳಲ್ಲ. ವ್ಯತ್ಯಾಸ ಇರುವುದು ಆ ಬಾಕಿ 4 ಜನರಲ್ಲಿ. ಆದ್ದರಿಂದ ಯಾರಾದರೂ ಪರ್ಸೆಂಟ್ ಹೇಳಿದರೆ "ಬಾಕಿ ಎಷ್ಟು ಅದಾವ್ರಿ?" ಎಂದು ಕೇಳುವುದನ್ನು ಕಲಿಯಬೇಕು.

ಈಗ ದಿನದ ಲೆಕ್ಕ. ಆ 7 ಜನರಿಗೆ ಕ್ರಮವಾಗಿ 48, 55, 60, 66, 70, 75 ಮತ್ತು 256 ದಿನ ಹಿಡಿಯಿತು. ಕೂಡಿಸಿದರೆ 630, ಏಳರಿಂದ ಭಾಗಿಸಿದರೆ ಸರಾಸರಿ 90 ದಿನ. ಆದರೆ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರು ಕಾದದ್ದು 66 ದಿನ. ಒಬ್ಬರ 256 ದಿನ ಸರಾಸರಿಯನ್ನು ಮೇಲಕ್ಕೆ ಎಳೆಯಿತು. ಆ ಒಬ್ಬರಿಗೆ ಯಾಕೆ ಅಷ್ಟು ತಡವಾಯಿತು ಎಂದು ಹುಡುಕುವುದೇ ನಮ್ಮ ಕೆಲಸ. ಇನ್ನೊಂದು ಮಾತು: ಇನ್ನೂ ಕಾಯುತ್ತಿರುವ 4 ಜನರ ದಿನಗಳು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರಲ್ಲಿ ಒಬ್ಬರು ವರ್ಷದಿಂದ ಕಾಯುತ್ತಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಕಾಯುವ ಕಷ್ಟ ಬಡ ದೇಶದಲ್ಲಿ ಮಾತ್ರ ಎಂದು ತಿಳಿಯಬೇಡಿರಿ. ಅಮೆರಿಕದಲ್ಲಿ ಅಂಗವಿಕಲರ ಭತ್ಯೆಗೆ ಬರುವ ಅರ್ಜಿಗಳಲ್ಲಿ ಮೂರಕ್ಕೆ ಸುಮಾರು ಎರಡು ಮೊದಲ ಹಂತದಲ್ಲೇ ತಿರಸ್ಕಾರ ಆಗುತ್ತವೆ. ಮೇಲ್ಮನವಿಯ ವಿಚಾರಣೆಗೆ 2017ರ ಹೊತ್ತಿಗೆ ಸರಾಸರಿ 600 ದಿನ ಕಾಯಬೇಕಾಗಿತ್ತು. ಆದರೆ ಬಿಡದೆ ವಿಚಾರಣೆಯವರೆಗೆ ಹೋದವರಲ್ಲಿ ಸುಮಾರು ಅರ್ಧ ಜನರಿಗೆ ಭತ್ಯೆ ಸಿಗುತ್ತದೆ. ಅಲ್ಲಿ ಯಾವ ಕಚೇರಿಯಲ್ಲಿ ಎಷ್ಟು ಮಂಜೂರು, ಎಷ್ಟು ದಿನ ಎಂಬ ಲೆಕ್ಕವನ್ನು ಸರ್ಕಾರವೇ ಪ್ರಕಟಿಸುತ್ತದೆ. ನಾವು ಕಲಿಯುವುದು ಎರಡು: ಮೊದಲ "ಇಲ್ಲ" ಕೊನೆಯ ಮಾತಲ್ಲ, ಲೆಕ್ಕ ಬಹಿರಂಗ ಆದರೆ ಪ್ರಶ್ನೆ ಕೇಳಲು ಬರುತ್ತದೆ.

ನಮ್ಮ ತಾಲ್ಲೂಕಿನ ಲೆಕ್ಕವನ್ನೂ ನಾವು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ತಹಶೀಲ್ದಾರ್ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿರಿ. ಒಂದು ವರ್ಷದಲ್ಲಿ ಅಂಗವಿಕಲರ ಮಾಸಾಶನಕ್ಕೆ ಬಂದ ಅರ್ಜಿ ಎಷ್ಟು, ಮಂಜೂರು ಎಷ್ಟು, ತಿರಸ್ಕಾರ ಎಷ್ಟು, ಬಾಕಿ ಎಷ್ಟು, 45 ದಿನ ಮೀರಿದವು ಎಷ್ಟು ಎಂದು ಕೇಳಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಇರಲಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ಟರೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

5. ಮೇಲ್ಮನವಿ ಬರೆಯುವ ಮಾದರಿ

ವಕೀಲರೇ ಬರೆಯಬೇಕು ಎಂದೇನಿಲ್ಲ. ಹೈಸ್ಕೂಲ್ ಓದಿದ ಮಗಳು ಬರೆದರೂ ನಡೆಯುತ್ತದೆ.

"ಗೆ,
ಸಕ್ಷಮ ಅಧಿಕಾರಿಗಳು (ಸಕಾಲ), ______ ಕಚೇರಿ, ______
ವಿಷಯ: ಅಂಗವಿಕಲರ ಮಾಸಾಶನದ ಅರ್ಜಿ ತಿರಸ್ಕಾರ / ವಿಳಂಬದ ವಿರುದ್ಧ ಮೇಲ್ಮನವಿ.
ಮಾನ್ಯರೇ,
ನಾನು ______ ಗ್ರಾಮದ ನಿವಾಸಿ. ದಿನಾಂಕ ______ ರಂದು ______ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿದ್ದೇನೆ. ಜಿಎಸ್‌ಸಿ ಸಂಖ್ಯೆ ______. ನನ್ನ ಅಂಗವಿಕಲತೆ ______ ಪರ್ಸೆಂಟ್. ದಿನಾಂಕ ______ ರಂದು ______ ಕಾರಣ ನೀಡಿ ತಿರಸ್ಕರಿಸಿದ್ದಾರೆ (ಅಥವಾ: 45 ಕೆಲಸದ ದಿನ ಕಳೆದರೂ ಯಾವುದೇ ಉತ್ತರ ಬಂದಿಲ್ಲ). ಆ ಕಾರಣ ಸರಿಯಲ್ಲ, ಏಕೆಂದರೆ ______. ಆದ್ದರಿಂದ ನನ್ನ ಅರ್ಜಿಯನ್ನು ಮರುಪರಿಶೀಲಿಸಿ ಮಂಜೂರು ಮಾಡಲು ಹಾಗೂ ವಿಳಂಬಕ್ಕೆ ಕಾಯ್ದೆಯಂತೆ ಪರಿಹಾರ ನೀಡಲು ಕೋರುತ್ತೇನೆ."

"ಏಕೆಂದರೆ" ಮುಂದಿನ ಸಾಲೇ ಮುಖ್ಯ. "ನಾವು ಬಡವರು, ದಯವಿಟ್ಟು ಸಹಾಯ ಮಾಡಿರಿ" ಎಂದು ಬರೆದರೆ ಸಾಲದು. ಅವರು ಹೇಳಿದ ಕಾರಣಕ್ಕೆ ಉತ್ತರ ಬೇಕು. ಹೆಸರಿನ ತಪ್ಪು ಎಂದಿದ್ದರೆ ತಿದ್ದಿಸಿದ ಆಧಾರ್ ಜೋಡಿಸಿರಿ. ಬೇರೆ ಪಿಂಚಣಿ ಇದೆ ಎಂದಿದ್ದರೆ ಪಾಸ್‌ಬುಕ್ ಜೆರಾಕ್ಸ್ ಇಡಿರಿ. ಎರಡು ಪ್ರತಿ ಮಾಡಿ, ಒಂದನ್ನು ಟಪಾಲಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬರ್ರಿ.

6. ವೈದ್ಯರ ಮುಂದೆ, ವಿಚಾರಣೆಯ ಮುಂದೆ

ಒಂದು ವಿಷಯ ನಾವು ಬಹಳ ಕಡೆ ನೋಡಿದ್ದೇವೆ. ವೈದ್ಯರು "ಊಟ ತಾನೇ ಮಾಡ್ತಾನೇನಮ್ಮ?" ಎಂದು ಕೇಳಿದರೆ ತಾಯಿ "ಹೌದ್ರಿ, ಮಾಡ್ತಾನ್ರಿ" ಎನ್ನುತ್ತಾಳೆ. ಅನ್ನ ಕಲಸಿ ತುತ್ತು ಮಾಡಿ ತಟ್ಟೆಯಲ್ಲಿ ಇಡುವವಳು ತಾನೇ, ಅದನ್ನು ಹೇಳುವುದಿಲ್ಲ. ಮಗನನ್ನು ಕಡಿಮೆ ಮಾಡಿ ಹೇಳಲು ತಾಯಿಯ ಬಾಯಿ ಬರುವುದಿಲ್ಲ. ಪ್ರೀತಿಯಿಂದ ಮುಚ್ಚಿದ್ದು ಕಾಗದದ ಮೇಲೆ ಪರ್ಸೆಂಟೇಜ್ ಆಗಿ ಇಳಿದುಬಿಡುತ್ತದೆ.

ಹೆಚ್ಚು ಮಾಡಿಯೂ ಹೇಳಬೇಡಿರಿ, ಮುಚ್ಚಿಯೂ ಇಡಬೇಡಿರಿ. ಹೋಗುವ ಮೊದಲು ಮನೆಯಲ್ಲಿ ಕೂತು ಬರೆಯಿರಿ: ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು? ಸ್ನಾನ, ಬಟ್ಟೆ, ಶೌಚ, ನಡಿಗೆ, ಮಾತು. ಫಿಟ್ಸ್ ಬರುತ್ತಿದ್ದರೆ ಯಾವ ದಿನ ಬಂತು ಎಂದು ಕ್ಯಾಲೆಂಡರ್ ಮೇಲೆ ಗುರುತು ಹಾಕಿರಿ. ಹಳೆಯ ಚೀಟಿ, ಎಕ್ಸ್‌ರೇ, ಮಾತ್ರೆಯ ಪಟ್ಟಿ ಎಲ್ಲವನ್ನೂ ದಿನಾಂಕದಂತೆ ಜೋಡಿಸಿ ಒಯ್ಯಿರಿ. ಅಂಗವಿಕಲ ವ್ಯಕ್ತಿಗೆ ಮಾತನಾಡಲು ಬಂದರೆ ಅವರೇ ಮಾತನಾಡಲಿ, ಅದು ಅವರ ಬದುಕು.

7. ನಮ್ಮ ಜೊತೆ ಯಾರು ಇದ್ದಾರೆ?

ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಿಸುವುದು, ಜೊತೆಗೆ ಬರುವುದು ಅವರ ಕೆಲಸ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಎಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಬರೆಯಬಹುದು. ಪಿಂಚಣಿ ಅದಾಲತ್ ನಡೆದಾಗ ಸಂಘದ ಪುಸ್ತಕ ಹಿಡಿದು ಹೋಗಿರಿ.

ದಲ್ಲಾಳಿಗೆ ದುಡ್ಡು ಕೊಡಬೇಡಿರಿ. "ಎರಡು ಸಾವಿರ ಕೊಟ್ರ ನಾ ಮಾಡಿಸಿ ಕೊಡ್ತೀನಿ" ಎನ್ನುವವನಿಗೆ ಕೊಡುವುದು ಎರಡೂವರೆ ತಿಂಗಳ ಮಾಸಾಶನ. ಕಚೇರಿಯಲ್ಲಿ ಯಾರಾದರೂ ಲಂಚ ಕೇಳಿದರೆ ರಾಯಚೂರಿನ ಲೋಕಾಯುಕ್ತ ಕಚೇರಿಗೆ ತಿಳಿಸಿರಿ.

ಸಭೆಯಲ್ಲಿ ಚರ್ಚಿಸಿರಿ

ಅ) ನಮ್ಮ ಸಂಘದ ಮನೆಗಳಲ್ಲಿ, ಓಣಿಯಲ್ಲಿ ಅಂಗವಿಕಲರು ಎಷ್ಟು ಜನ? ಯಾರಿಗೆ ಮಾಸಾಶನ ಬರುತ್ತಿದೆ, ಯಾರಿಗೆ ಇಲ್ಲ?
ಆ) ಬಾರದವರದು ನಾಲ್ಕರಲ್ಲಿ ಯಾವ ತರದ "ಇಲ್ಲ"?
ಇ) ಯಾರ ಬಳಿ ಸ್ವೀಕೃತಿ ಚೀಟಿ ಇದೆ? ಯಾರ 30 ದಿನ ಮುಗಿಯುತ್ತಾ ಬಂದಿದೆ?
ಈ) ಗಂಡಸರಿಲ್ಲದ ಮನೆಯವರು, ಓದು ಬಾರದವರು, ಮನೆಯಿಂದ ಹೊರಗೇ ಬಾರದವರು ನಮ್ಮ ಪಟ್ಟಿಯಲ್ಲಿ ಬಿಟ್ಟು ಹೋಗಿದ್ದಾರೆಯೇ?

ಈ ತಿಂಗಳ ಕೆಲಸ

ನೋಟ್‌ಬುಕ್ ತಂದು ಗೆರೆ ಹಾಕಿರಿ. ಬಾಕಿ ಇರುವ ಪ್ರತಿ ಅರ್ಜಿಯ ದಿನ ಎಣಿಸಿರಿ. 45 ಕೆಲಸದ ದಿನ ಮೀರಿದ ಒಂದು ಅರ್ಜಿಯನ್ನಾದರೂ ಆರಿಸಿ ಮುಂದಿನ ಸಭೆಯೊಳಗೆ ಮೇಲ್ಮನವಿ ಹಾಕಿರಿ. ಹೋಗುವಾಗ ಒಬ್ಬರೇ ಹೋಗಬೇಡಿರಿ, ಇಬ್ಬರು ಹೋಗಿರಿ. ಬರುವಾಗ ಬರಿಗೈಯಲ್ಲಿ ಬರಬೇಡಿರಿ, ಸೀಲು ಹಾಕಿದ ಪ್ರತಿ ಹಿಡಿದು ಬರ್ರಿ. ಮುಂದಿನ ತಿಂಗಳ ಸಭೆಯಲ್ಲಿ ನಿಮ್ಮ ಪುಸ್ತಕದ ಲೆಕ್ಕವನ್ನು ನಾವೂ ಕೂತು ನೋಡುತ್ತೇವೆ.